ಜೇಬಮ್ಮನ ಕಾರ್ಡು

ಲಾಂಡ್ರಿಗೆ ಬಂದ ಯಾವ ಬಟ್ಟೆಯೂ ಜೇಬಮ್ಮನಿಗೆ ಜೇಬು ತೋರಿಸದೆ ನೀರು ಮುಟ್ಟುವಂತಿರಲಿಲ್ಲ. ಆ ಅಡ್ಡಹೆಸರು ಬಿದ್ದದ್ದೇ ಅದರಿಂದ. ಬೀಗದ ಕೈ, ಬಸ್ ಟಿಕೆಟ್ಟು, ಅರ್ಧ ತಿಂದು ಮಡಚಿಟ್ಟ ಚಾಕಲೇಟು, ಒಮ್ಮೆ ಒಬ್ಬ ಮೇಷ್ಟರ ಹಲ್ಲಿನ ಸೆಟ್ಟು, ಹೀಗೆ ಏನೇ ಸಿಗಲಿ, ಬಟ್ಟೆಗೆ ಹಾಕಿದ ನಂಬರ್ ಚೀಟಿಯ ಜೋಡಿಯನ್ನೇ ಅದಕ್ಕೂ ಚುಚ್ಚಿ ಎತ್ತಿಡುವಳು. ಗಿರಾಕಿ ಬಂದಾಗ ನಾಲ್ಕು ಜನರೆದುರು ಎತ್ತಿ ತೋರಿಸಿ, "ಜೇಬು ನೋಡದೆ ಬಟ್ಟೆ ಹಾಕೋರು ತಲೇನ ಮನೇಲಿಟ್ಟು ಬಂದಿರ್ತಾರೆ" ಎಂದು ಬೈದೇ ಕೊಡುವಳು. ಮೇಷ್ಟರಂತೂ ಬೊಚ್ಚುಬಾಯಲ್ಲಿ ಒಮ್ಮೆ ನಕ್ಕು, ಹಲ್ಲು ಹಾಕಿಕೊಂಡು ಇನ್ನೊಮ್ಮೆ ನಕ್ಕು ಹೋಗಿದ್ದರು. ಆ ಅಂಗಡಿಯಲ್ಲಿ ಬೈಗುಳ ಪುಕ್ಕಟೆ, ಇಸ್ತ್ರಿಗೆ ಮಾತ್ರ ಕಾಸು.

ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಸೋಪಿನ ಪುಡಿಯ ಮೂಟೆ ಇಡುವ ಒಂದು ಸಣ್ಣ ಕೋಣೆ. ಮನೆಯಲ್ಲಿ ಇದ್ದವರು ಮೂವರೇ. ಗಂಡ ವ್ಯಾನು ಓಡಿಸಿಕೊಂಡು ಮನೆ ಮನೆಯಿಂದ ಬಟ್ಟೆ ತರುತ್ತಿದ್ದ, ತಲುಪಿಸುತ್ತಿದ್ದ. ಬಂಗಾರದಂಥ ಮನುಷ್ಯ. ಆದರೆ 'ಎರಡು ಕೊಂಡರೆ ಒಂದು ಉಚಿತ' ಎಂಬ ಬೋರ್ಡು ಕಂಡ ಕಡೆಯಲ್ಲೆಲ್ಲ ಅವನ ವ್ಯಾನು ತಾನಾಗಿಯೇ ನಿಲ್ಲುತ್ತಿತ್ತು. ಮೂರು ಜನರ ಮನೆಯಲ್ಲಿ ಒಂಬತ್ತು ಛತ್ರಿ ಇದ್ದದ್ದು ಅವನ ದೆಸೆಯಿಂದಲೇ. ಹೆತ್ತ ಅಪ್ಪನೇ ಅವನಿಗೆ ಆಫರಪ್ಪ ಎಂದು ಎರಡನೇ ನಾಮಕರಣ ಮಾಡಿದ್ದರು.

ಆ ಅಪ್ಪ, ಅಂದರೆ ಜೇಬಮ್ಮನ ಮಾವ, ಬಸ್ಸಿನಲ್ಲಿ ಕಂಡಕ್ಟರಾಗಿ ದುಡಿದು ನಿವೃತ್ತರಾದವರು. ಯಾವ ಪ್ರಯಾಣಿಕನ ಚಿಲ್ಲರೆಯನ್ನೂ ಉಳಿಸಿಕೊಂಡವರಲ್ಲ, ಯಾರಿಗೂ ಚಿಲ್ಲರೆ ಬಿಟ್ಟವರೂ ಅಲ್ಲ. ಸಾಲವೆಂದರೆ ಅವರಿಗೆ ಅಲರ್ಜಿ. ಮದುವೆಯಾದ ಹೊಸದರಲ್ಲಿ ಹೆಂಡತಿಗೆಂದು ಕಂತಿನ ಮೇಲೆ ಒಂದು ರೇಡಿಯೋ ತಂದಿದ್ದರಂತೆ. ಹಾಡು ನಿಂತ ಮೇಲೂ ಬಡ್ಡಿ ನಿಲ್ಲದೆ, ಒಂದು ರೇಡಿಯೋಗೆ ಮೂರು ರೇಡಿಯೋದ ಬೆಲೆ ತೆತ್ತರಂತೆ. ಹೆಂಡತಿ ತೀರಿಹೋಗಿ ವರ್ಷಗಳಾದರೂ ಆ ಉರಿ ಮಾತ್ರ ಇನ್ನೂ ಆರಿರಲಿಲ್ಲ.

ಇಂಥ ಮನೆಗೆ ಕ್ರೆಡಿಟ್ ಕಾರ್ಡು ಕಾಲಿಟ್ಟದ್ದು ಜೇಬಮ್ಮನ ಅಕ್ಕನಿಂದಾಗಿ.

ಅಮ್ಮ ಹೋದಾಗ ಜೇಬಮ್ಮ ಇನ್ನೂ ಶಾಲೆಗೆ ಹೋಗುವ ಹುಡುಗಿ. ಅವಳನ್ನು ಸಾಕಿದ್ದು, ಓದಿಸಿದ್ದು, ಮದುವೆ ಮಾಡಿ ಕಳಿಸಿದ್ದು ಎಲ್ಲ ಬಟನ್ ಕಾರ್ಖಾನೆಯಲ್ಲಿ ದುಡಿದ ಅಕ್ಕನೇ. ತಂಗಿಯದೊಂದು ದಡ ಸೇರಲಿ, ಆಮೇಲೆ ನನ್ನದು ಎನ್ನುತ್ತಿದ್ದವಳು, ತಂಗಿಯನ್ನು ದಡ ಸೇರಿಸಿ ತಾನು ಕೆಲಸ ಹುಡುಕಿಕೊಂಡು ಸಮುದ್ರದಾಚೆಗೆ ಹೋಗಿಬಿಟ್ಟಿದ್ದಳು. ಹೋದವಳನ್ನು ಜೇಬಮ್ಮ ಮತ್ತೆ ಕಂಡಿರಲಿಲ್ಲ. ಒಂದು ದಿನ ಫೋನು ಬಂತು.

"ಲೇ, ನಗಬಾರದು. ನಂಗೆ ಮದುವೆ."

"ಅಕ್ಕಾ!"

"ನಗಬೇಡ ಅಂದೆ. ನಂಗೆ ನಲವತ್ತೆಂಟು, ಅವರಿಗೆ ಐವತ್ತೆರಡು. ಗಡಿಯಾರ ರಿಪೇರಿ ಮಾಡ್ತಾರೆ. ಅವರ ತಾಯಿ ಕಾಯಿಲೆಯಿಂದ ಎದ್ದು ಓಡಾಡೋ ಹಾಗಾಗಲಿ ಅಂತ ಮುಂದಿನ ವರ್ಷಕ್ಕೆ ಇಟ್ಕೊಂಡಿದ್ದೀವಿ."

"ಗಡಿಯಾರದವರಾ? ಹಾಗಾದ್ರೆ ಟೈಮು ನೋಡ್ಕೊಂಡೇ ಕೇಳಿದ್ದಾರೆ ಬಿಡು."

"ಇಗೋ, ನಕ್ಕೆ ನೀನು. ಕೇಳು, ನನ್ನ ಮದುವೆ ಬಟ್ಟೆ ನೀನೇ ಬಂದು ಇಸ್ತ್ರಿ ಮಾಡಬೇಕು. ಬೇರೆ ಯಾರ ಕೈಗೂ ಕೊಡಲ್ಲ ನಾನು."

ಫೋನಿಟ್ಟ ಮೇಲೆ ಜೇಬಮ್ಮ ನಗುತ್ತ ನಗುತ್ತಲೇ ಅತ್ತಳು. ಆಮೇಲೆ ವಿಮಾನದ ಟಿಕೆಟ್ಟಿಗೆ ಎಷ್ಟೆಂದು ವಿಚಾರಿಸಿ, ನಗು ಬಿಟ್ಟು ಬರೀ ಅತ್ತಳು. ಅಷ್ಟು ದುಡ್ಡು ಒಟ್ಟಿಗೆ ಆ ಅಂಗಡಿಯ ಗಲ್ಲಾ ಪೆಟ್ಟಿಗೆ ಕನಸಿನಲ್ಲೂ ಕಂಡಿರಲಿಲ್ಲ.

ಅವಳ ಅಳು ನಿಲ್ಲಿಸಿದ್ದು ಬಟ್ಟೆ ಒಯ್ಯಲು ಬಂದ ಬ್ಯಾಂಕಿನ ಮೇಡಂ. ಕಥೆಯೆಲ್ಲ ಕೇಳಿ, "ನೋಡಿ, ಸೋಪಿನ ಪುಡಿ, ಕರೆಂಟು, ವ್ಯಾನಿಗೆ ಪೆಟ್ರೋಲು, ಇದೆಲ್ಲ ಹೇಗೂ ತಗೋತೀರಲ್ಲ? ಅದನ್ನೇ ನಮ್ಮ ಕಾರ್ಡಲ್ಲಿ ತಗೊಳ್ಳಿ. ತಗೊಂಡಷ್ಟಕ್ಕೂ ಪಾಯಿಂಟು ಬೀಳುತ್ತೆ. ನಿಮ್ಮ ಅಂಗಡಿ ಖರ್ಚಿಗೆ ವರ್ಷದೊಳಗೆ ಒಂದು ಟಿಕೆಟ್ಟಿಗಾಗುವಷ್ಟು ಸೇರುತ್ತೆ" ಎಂದರು. ಬಾಗಿಲ ಬಳಿ ಕುರ್ಚಿ ಹಾಕಿ ಕೂತಿದ್ದ ಮಾವ ಕೆಮ್ಮಿದರು.

"ಬ್ಯಾಂಕಿನವರಿಗೇನು ಹುಚ್ಚಾ ಮೇಡಂ, ಜನಾನ ಪುಕ್ಕಟೆ ಹಾರಿಸೋಕೆ? ಮೂಗಿಗೆ ತುಪ್ಪ ಸವರೋ ಮಾತು."

ಮೇಡಂ ಸಾಚಾ ಹೆಂಗಸು. "ಹುಚ್ಚಿಲ್ಲ ಸರ್. ಬಿಲ್ಲು ಬಂದಾಗ ಕೊನೇ ದಿನದೊಳಗೆ ಪೂರ್ತಿ ಕಟ್ಟಿದ್ರೆ ಬಡ್ಡಿ ಸೊನ್ನೆ. ಆದ್ರೆ ಬಿಲ್ಲಲ್ಲಿ 'ಕನಿಷ್ಠ ಇಷ್ಟು ಕಟ್ಟಿ' ಅಂತ ಇನ್ನೊಂದು ಸಣ್ಣ ಮೊತ್ತ ಇರುತ್ತೆ. ಜನ ಅದನ್ನ ನೋಡಿ ಹಿಗ್ಗಿ ಅಷ್ಟೇ ಕಟ್ತಾರೆ. ಉಳಿದದ್ದಕ್ಕೆ ಬಡ್ಡಿ ಶುರು. ಕೆಲವರು ಎಟಿಎಂಗೆ ಹಾಕಿ ದುಡ್ಡು ತೆಗೀತಾರೆ, ಅದಕ್ಕಂತೂ ಅವತ್ತಿಂದಲೇ ಬಡ್ಡಿ. ಆ ಬಡ್ಡೀಲಿ ನಮ್ಮ ಸಂಬಳ."

"ಅಂದ್ರೆ ಮರೆಗುಳಿಗಳ ದುಡ್ಡಲ್ಲಿ ಹಾರೋ ವಿಮಾನ ಇದು."

"ಅಂದ್ಕೊಳ್ಳಿ."

"ನಾನು ಮರೆಗುಳಿ ಅಲ್ಲ ಮಾವ" ಎಂದಳು ಜೇಬಮ್ಮ, ಕಣ್ಣೊರೆಸಿಕೊಂಡು. ಆ ಮಾತಿಗೆ ಮಾವನಿಗೆ ಹುರುಪು ಬಂತು. ಮೇಡಂ ಎದುರಿಗೇ ಪಂದ್ಯ ಕಟ್ಟಿದರು. ವರ್ಷದಲ್ಲಿ ಒಂದು ಚಿಕ್ಕಾಸು ಬಡ್ಡಿ ಬಿದ್ದರೂ ಕಾರ್ಡು ಕತ್ತರಿಗೆ, ಟಿಕೆಟ್ಟು ಗಿಕೆಟ್ಟು ಎಂಬ ಮಾತು ಆ ಮನೆಯಲ್ಲಿ ಮತ್ತೆ ಏಳಬಾರದು.

"ಬೀಳದಿದ್ರೆ?" ಎಂದಳು ಸೊಸೆ.

"ಬೀಳದಿದ್ರೆ ನೀನು ಅಕ್ಕನ ಮದುವೆ ಮುಗಿಸಿ ಬರೋವರೆಗೂ ಅಂಗಡಿ ನನ್ನದು. ಇಸ್ತ್ರಿ ಸಮೇತ."

ಮಾವ ತಮ್ಮ ಜನ್ಮದಲ್ಲಿ ಒಂದು ಕರವಸ್ತ್ರಕ್ಕೂ ಇಸ್ತ್ರಿ ಹಾಕಿದವರಲ್ಲ. ಗೆದ್ದೇ ಗೆಲ್ಲುತ್ತೇನೆಂಬ ನಂಬಿಕೆ ಇಲ್ಲದೆ ಅಂಥ ಮಾತು ಯಾರೂ ಆಡುವುದಿಲ್ಲ.

ಈಗ ಜೇಬಮ್ಮನ ಬುದ್ಧಿ ನೋಡಿ. ಅವಳಿಗೆ ಬ್ಯಾಂಕಿನ ಲೆಕ್ಕ ಗೊತ್ತಿರಲಿಲ್ಲ, ಲಾಂಡ್ರಿಯ ಲೆಕ್ಕ ಗೊತ್ತಿತ್ತು. ಗುರುತಿಲ್ಲದ ಬಟ್ಟೆ ಕಳೆದುಹೋಗುತ್ತದೆ, ಗುರುತಿದ್ದದ್ದು ಎಲ್ಲಿದ್ದರೂ ಮನೆ ಸೇರುತ್ತದೆ. ಅವಳು ನಡುಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ಒಂದು ಹಗ್ಗ ಕಟ್ಟಿದಳು. ಕಾರ್ಡು ಉಜ್ಜಿದ ದಿನವೇ, ಉಜ್ಜಿದಷ್ಟು ದುಡ್ಡನ್ನು ಗಲ್ಲಾ ಪೆಟ್ಟಿಗೆಯಿಂದ ತೆಗೆದು, 'ಪೆಟ್ರೋಲು', 'ಕರೆಂಟು' ಎಂದು ಚೀಟಿ ಚುಚ್ಚಿ, ಬಟ್ಟೆ ಕ್ಲಿಪ್ಪಿನಲ್ಲಿ ಆ ಹಗ್ಗಕ್ಕೆ ಸಿಕ್ಕಿಸಿದಳು. ಹಗ್ಗಕ್ಕೆ ಏರಿದ ದುಡ್ಡು ಅವರದಲ್ಲ, ಗಿರಾಕಿಯ ಬಟ್ಟೆಯ ಹಾಗೆ, ಬರೀ ಕಾಯುವುದಕ್ಕೆ ಬಂದದ್ದು. ಬಿಲ್ಲು ಬಂದ ಕೂಡಲೇ ನೋಟುಗಳನ್ನು ಇಳಿಸಿ ತನ್ನ ಖಾತೆಗೆ ಹಾಕಿ, ಫೋನಿನಿಂದ ಪೂರ್ತಿ ಮೊತ್ತ ಕಟ್ಟಿಬಿಡುವಳು. ಮತ್ತೆ ಖಾಲಿ ಹಗ್ಗ, ಮತ್ತೆ ಹೊಸ ತಿಂಗಳು.

ಆಫರಪ್ಪನಿಗೆ ಮಾತ್ರ ಕೈ ತುರಿಕೆ. ಒಂದು ಸಂಜೆ ಓಡಿಬಂದ. "ಗೋಡೆ ತುಂಬೋ ಟೀವಿ ಕಣೇ! ಕಾರ್ಡಲ್ಲಿ ತಗೊಂಡ್ರೆ ಪಾಯಿಂಟು ದುಪ್ಪಟ್ಟು! ನಿಮ್ಮಕ್ಕನ ಹತ್ರ ನಾಳೇನೇ ಹಾರಬಹುದು ನೀನು."

"ಆಯ್ತು ರೀ, ತಗೊಳ್ಳಿ" ಎಂದಳು ಜೇಬಮ್ಮ. "ಮೊದಲು ಟೀವಿ ದುಡ್ಡನ್ನ ಹಗ್ಗಕ್ಕೆ ಸಿಕ್ಕಿಸಿ ಬನ್ನಿ. ಕ್ಲಿಪ್ಪು ಬೇಕಿದ್ರೆ ನಾನು ಕೊಡ್ತೀನಿ."

ಅವನು ನಡುಕೋಣೆಗೆ ಹೋಗಿ, ಖಾಲಿ ಕ್ಲಿಪ್ಪು ಹಿಡಿದು, ತನ್ನ ಎರಡೂ ಜೇಬು ತಡಕಿ, ಸ್ವಲ್ಪ ಹೊತ್ತು ಹಗ್ಗವನ್ನೇ ನೋಡಿ ಹೊರಗೆ ಬಂದ. "ಇರೋ ಟೀವೀನೂ ಚೆನ್ನಾಗೇ ಇದೆ" ಎಂದ. ಪಾಯಿಂಟಿಗಾಗಿ ಸಾಮಾನು ಕೊಳ್ಳುವುದೂ ಒಂದೇ, ಎಲುಬಿನ ಆಸೆಗೆ ನಾಯಿ ಸಾಕುವುದೂ ಒಂದೇ ಎಂದು ಮಾವ ಕುರ್ಚಿಯಿಂದಲೇ ಒಂದು ಗಾದೆ ಕಟ್ಟಿ ಬಿಸಾಕಿದರು. ಅಂಥ ಗಾದೆ ಎಲ್ಲೂ ಇಲ್ಲ. ಆದರೂ ಮೂವರೂ ಹೊಟ್ಟೆ ಹಿಡಿದು ನಕ್ಕರು.

ತಿಂಗಳುಗಳು ಉರುಳಿದಂತೆ ಇನ್ನೊಂದು ವಿಚಿತ್ರ ನಡೆಯಿತು. ಮಾವ ದಿನಾ ಸಂಜೆ ನಡುಕೋಣೆಗೆ ಹೋಗಿ ಹಗ್ಗದ ಆ ತುದಿಯಿಂದ ಈ ತುದಿವರೆಗೆ ತಪಾಸಣೆ ಮಾಡತೊಡಗಿದರು. ತಪ್ಪು ಹಿಡಿಯಲೆಂದೇ ಹೋದವರು. ಆದರೆ ತುಂಬಿದ ಬಸ್ಸಿನಲ್ಲಿ ಒಬ್ಬನೂ ಟಿಕೆಟ್ಟಿಲ್ಲದೆ ಕೂತಿಲ್ಲವೆಂದು ಕಂಡಾಗ ಕಂಡಕ್ಟರಿಗೆ ಆಗುವ ಸಂತೋಷ ಅವರ ಮುಖದ ಮೇಲೆ ಮೂಡಿಬಿಡುತ್ತಿತ್ತು. ಯಾರಾದರೂ ಫ್ಯಾನು ಹಾಕಿ ನೋಟುಗಳು ಪಟಪಟ ಹಾರಾಡಿದರೆ, "ಆರಿಸ್ರೋ ಅದನ್ನ, ಬ್ಯಾಂಕಿನ ದುಡ್ಡಿಗೆ ನೆಗಡಿ ಆಗುತ್ತೆ" ಎಂದು ಕೂಗುವರು. ಜೇಬಮ್ಮ ಕಂಡೂ ಕಾಣದಂತಿದ್ದಳು. ಸೋಲುತ್ತಿರುವವರನ್ನು ಕೆಣಕಬಾರದು ಎಂಬಷ್ಟು ಲೋಕಜ್ಞಾನ ಅವಳಿಗಿತ್ತು.

ಮದುವೆಯ ದಿನ ಗೊತ್ತಾಯಿತು. ಅಂಗಡಿಯ ಫೋನಿಗೆ ಅಕ್ಕ ಮಾಡಿದಾಗ ಎತ್ತಿದ್ದು ಮಾವನೇ. ಎಷ್ಟೋ ಹೊತ್ತು ಹೂಂ, ಹೂಂ ಎನ್ನುತ್ತ ಕೇಳಿಸಿಕೊಂಡು, ಸೊಸೆಗೆ ಬರೀ ತಾರೀಖು ಹೇಳಿ ಎದ್ದು ಹೋದರು. ಟಿಕೆಟ್ಟಿಗೆ ಪಾಯಿಂಟು ಒಂದು ಚೂರು ಕಡಮೆ ಇತ್ತು. ಆ ತಿಂಗಳ ಬಿಲ್ಲು ವಾಯಿದೆಯೊಳಗೆ ಕಟ್ಟಿದರೆ ಅದೂ ಬಂದು ಸೇರುತ್ತಿತ್ತು. ತಪ್ಪಿದರೆ ಆ ತಿಂಗಳ ಪಾಯಿಂಟು ರದ್ದು, ಮೇಲೆ ಬಡ್ಡಿ, ಅದರ ಮೇಲೆ ಮಾವನ ಪಂದ್ಯ. ಮದುವೆಗೆ ಮುಂಚೆ ಇನ್ನೊಂದು ಬಿಲ್ಲು ಬರುವಂತಿರಲಿಲ್ಲ.

ತಾನೊಂದು ಬಗೆದರೆ ದೈವವೊಂದು ಬಗೆಯಿತು ಎನ್ನುವುದು ಸುಮ್ಮನೆ ಅಲ್ಲ. ಬಿಲ್ಲು ಬಂದ ವಾರವೇ ಒಂದು ದೊಡ್ಡ ಲಾಡ್ಜಿನ ಬೆಡ್‌ಶೀಟುಗಳು ಗುಡ್ಡವಾಗಿ ಬಂದು ಬಿದ್ದವು. ಜೇಬಮ್ಮನಿಗೆ ತಲೆ ಕೆರೆದುಕೊಳ್ಳಲೂ ಪುರಸೊತ್ತಿಲ್ಲ. ಇವತ್ತು ಕಟ್ಟಿದರಾಯಿತು, ನಾಳೆ ಕಟ್ಟಿದರಾಯಿತು ಎನ್ನುತ್ತ ಕೊನೆಯ ದಿನವೇ ಬಂದಿತು. ಅದು ಶನಿವಾರ, ಬ್ಯಾಂಕು ಅರ್ಧ ದಿನ. ಇರಲಿ, ಎಟಿಎಂನಲ್ಲಿ ಸಂಜೆಯೂ ದುಡ್ಡು ಖಾತೆಗೆ ಹಾಕಬಹುದು, ಆಮೇಲೆ ಫೋನಿದೆಯಲ್ಲ, ಎರಡು ಸಲ ಒತ್ತಿದರೆ ಮುಗಿಯಿತು ಎಂದುಕೊಂಡು ಬೆಳಗ್ಗೆ ಮಷೀನು ತುಂಬಿ ಗುಂಡಿ ಒತ್ತಿದಳು. ತನ್ನ ಕೊಳೆ ಏಪ್ರನ್ನನ್ನೂ ಅದರೊಳಗೇ ಎಸೆದಿದ್ದಳು.

ಒಳಗಿನಿಂದ ಟಕ ಟಕ ಸದ್ದು ಬಂತು. "ನೋಡಿ, ಯಾರೋ ಪುಣ್ಯಾತ್ಮ ಜೇಬಲ್ಲಿ ಏನೋ ಬಿಟ್ಟಿದ್ದಾನೆ" ಎಂದು ಎಂದಿನಂತೆ ಬೈಯಲು ಶುರುಮಾಡಿದವಳು ಮಷೀನಿನ ದುಂಡು ಕಿಟಕಿಗೆ ಬಗ್ಗಿದಳು. ನೊರೆಯೊಳಗಿಂದ ಅವಳ ಫೋನು ಮೇಲೆ ಬಂತು, ಗಾಜಿಗೆ ಒಂದು ಬಡಿತ ಕೊಟ್ಟು ಮತ್ತೆ ಮುಳುಗಿತು.

"ಅಯ್ಯೋ! ನನ್ನ ಫೋನು!"

ಗಂಡ ಓಡಿಬಂದ, ಮಾವ ಎದ್ದು ಬಂದರು. ಮೂವರೂ ಸಾಲಾಗಿ ಬಗ್ಗಿ ನಿಂತರು. ನೀರಿರುವಾಗ ಆ ಬಾಗಿಲು ತೆರೆಯುವಂತಿಲ್ಲ, ಒಗೆತ ಮುಗಿಯುವವರೆಗೂ ಬೀಗ. ಫೋನು ಮೇಲೆ ಬರುವುದು, ಮುಳುಗುವುದು. ಒಮ್ಮೆ ಅದರ ದೀಪವೂ ಹತ್ತಿತು. ಊರಿನವರ ಜೇಬಿಗೆಲ್ಲ ಕೈ ಹಾಕಿದವಳು ತನ್ನ ಜೇಬಿಗೆ ಹಾಕಿರಲಿಲ್ಲ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ಬೇರೆ ದಿನವಾಗಿದ್ದರೆ ಆಫರಪ್ಪ ವಾರಗಟ್ಟಲೆ ಆಡಿಕೊಳ್ಳುತ್ತಿದ್ದ.

"ಇವತ್ತೇ ಕೊನೇ ದಿನ ರೀ" ಎಂದಳು ಜೇಬಮ್ಮ. ಅವಳ ದನಿ ಅವಳಿಗೇ ಕೇಳಿಸಲಿಲ್ಲ. "ಪಾಸ್‌ವರ್ಡು ಬರೋದೂ ಅದೇ ಫೋನಿಗೆ."

ಗಂಡ ಒಂದು ಗಳಿಗೆ ನಿಂತು, ಲಾಡ್ಜಿನವರು ಕಾಯುತ್ತಿರುತ್ತಾರೆಂದು ಗೊಣಗಿ ವ್ಯಾನು ಹತ್ತಿದ. ಮಾವ ಯಾವಾಗ ಹಿಂದೆ ಸರಿದರೋ ಅವಳು ನೋಡಲೇ ಇಲ್ಲ. ಅವಳು ಆ ದುಂಡು ಕಿಟಕಿಯ ಮುಂದೆ ಕುಕ್ಕರುಗಾಲಲ್ಲಿ ಕೂತೇ ಇದ್ದಳು. ಕೊನೆಗೆ ಬಾಗಿಲು ತೆರೆದಾಗ ಫೋನು ಹಿಂದೆಂದೂ ಇಲ್ಲದಷ್ಟು ಫಳಫಳ ಹೊಳೆಯುತ್ತಿತ್ತು, ಜೀವ ಮಾತ್ರ ಇರಲಿಲ್ಲ. ಆಗ ಅವಳಿಗೆ ತಟ್ಟನೆ ಹೊಳೆಯಿತು. ಫೋನು ಸತ್ತರೇನು, ಬ್ಯಾಂಕು ಬದುಕಿದೆಯಲ್ಲ! ದುಡ್ಡು ಹಗ್ಗದ ಮೇಲಿದೆ, ಬ್ಯಾಂಕು ಬೀದಿಯ ತಿರುವಿನಲ್ಲಿದೆ, ಕೈಯಲ್ಲೇ ಕಟ್ಟಿ ಬಂದರಾಯಿತು. ಎದ್ದವಳೇ ನಡುಕೋಣೆಗೆ ನುಗ್ಗಿದಳು.

ಹಗ್ಗ ಖಾಲಿ. ಕ್ಲಿಪ್ಪುಗಳು ಬರಿಬಾಯಿ ಬಿಟ್ಟುಕೊಂಡು ತೂಗುತ್ತಿದ್ದವು. ತುದಿಗೆ ಸಿಕ್ಕಿಸಿದ್ದ ಬಿಲ್ಲೂ ಇರಲಿಲ್ಲ.

"ಮಾವ!" ಎಂದು ಕೂಗಿದಳು. ಕುರ್ಚಿ ಖಾಲಿ, ಚಪ್ಪಲಿಯೂ ಇಲ್ಲ. ಬೇಡವೆಂದರೂ ಒಂದು ಯೋಚನೆ ತಲೆಯೊಳಗೆ ನುಸುಳಿತು. ಪಂದ್ಯ ಗೆಲ್ಲಲು ಇವತ್ತೊಂದು ದಿನ ಸಾಕಲ್ಲವೇ ಅವರಿಗೆ? ಯೋಚನೆ ಬಂದದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು, ಆದರೆ ಅದು ಹೋಗಲೂ ಇಲ್ಲ. ಅಳುತ್ತ ಕೂರಲು ಹೊತ್ತಿರಲಿಲ್ಲ. ಗಲ್ಲಾ ಪೆಟ್ಟಿಗೆ ಬಳಿದಳು. ಸಾಲಲಿಲ್ಲ. ಬೀರು ತೆಗೆದು, ಅಕ್ಕನಿಗೆ ಮದುವೆಯ ಉಡುಗೊರೆ ಕೊಳ್ಳಲೆಂದು ಕೂಡಿಟ್ಟ ದುಡ್ಡೂ ತೆಗೆದಳು. ಉಡುಗೊರೆ ಇಲ್ಲದೆ ಹೋದರೆ ಅಕ್ಕ ಬೈಯುತ್ತಾಳೆ, ತಾನೇ ಹೋಗದಿದ್ದರೆ ಅಕ್ಕ ಬೈಯುವುದೂ ಇಲ್ಲ, ಸುಮ್ಮನಾಗಿಬಿಡುತ್ತಾಳೆ. ಅದನ್ನು ತಡೆದುಕೊಳ್ಳಲು ಅವಳಿಂದಾಗುತ್ತಿರಲಿಲ್ಲ.

ಬ್ಯಾಂಕಿನ ಬಾಗಿಲು ಇನ್ನೇನು ಹಾಕುತ್ತಾರೆನ್ನುವಾಗ ಒದ್ದೆ ಬಟ್ಟೆಯಲ್ಲೇ ಒಳಗೆ ಹೊಕ್ಕಳು. ಮೇಡಂ ಅವಳ ಮುಖ ನೋಡಿಯೇ ಕುರ್ಚಿ ಕೊಟ್ಟು, ಖಾತೆ ಹುಡುಕಿ, ಇವತ್ತು ಕಟ್ಟಿದ್ದು ಸಂಜೆ ಎಣಿಕೆಯಾದ ಮೇಲೆಯೇ ಕಂಪ್ಯೂಟರಿನಲ್ಲಿ ತೋರುತ್ತದೆ, ಆದರೆ ತಾರೀಖು ಇವತ್ತಿನದೇ ಬೀಳುತ್ತದೆ ಎಂದು ಧೈರ್ಯ ಹೇಳಿ ಕಟ್ಟಿಸಿಕೊಂಡರು. ಹೊರಗೆ ಬಂದಾಗ ಜೇಬಮ್ಮನಿಗೆ ಹೋದ ಜೀವ ಬಂದಂತಾಗಿತ್ತು. ಅರ್ಧ ಜೀವ ಎನ್ನಬೇಕು. ಇನ್ನರ್ಧ ಆ ಖಾಲಿ ಹಗ್ಗದಲ್ಲೇ ಸಿಕ್ಕಿಕೊಂಡಿತ್ತು.

ಅಂಗಡಿಯಲ್ಲಿ ಗಂಡ ಬಾಗಿಲಿಗೆ ಒರಗಿ, ಕೈ ಕಟ್ಟಿ ನಿಂತು, ಏನೋ ಘನಕಾರ್ಯ ಮಾಡಿದವನ ಹಾಗೆ ನಗುತ್ತಿದ್ದ.

"ನೀನೇನೂ ಯೋಚನೆ ಮಾಡಬೇಡ. ಬಿಲ್ಲು ಕಟ್ಟಿದ್ದಾಯ್ತು."

"ನಿಮಗ್ಯಾರು ಹೇಳಿದ್ರು?"

"ಹೇಳೋದ್ಯಾರು? ನಾನೇ ಕಟ್ಟಿದ್ದು. ಲಾಡ್ಜ್ ಮುಂದೆ ವ್ಯಾನ್ ನಿಲ್ಲಿಸಿ ನನ್ನ ಫೋನಿಂದ. ಆಫರು ನೋಡಿ ನೋಡಿ ನಿನ್ನ ಕಾರ್ಡಿನ ನಂಬರು ನಂಗೆ ಬಾಯಿಪಾಠ ಅಲ್ವಾ?"

"ದುಡ್ಡು?"

"ವ್ಯಾನಿನ ಹೊಸ ಟೈರಿಗೆ ಇಟ್ಟಿದ್ದೆ. ಹಳೇ ಟೈರೂ ಚೆನ್ನಾಗೇ ಇದೆ."

ಜೇಬಮ್ಮ ತಲೆಗೆ ಕೈ ಹಚ್ಚಿಕೊಂಡಳು. "ರೀ, ನಾನೂ ಈಗ ಕಟ್ಟಿ ಬಂದೆ ಕಣ್ರೀ!"

ಒಂದು ಕ್ಷಣ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಇಬ್ಬರೂ ನಗು ತಡೆಯಲಾರದೆ ಬೆಡ್‌ಶೀಟಿನ ಗುಡ್ಡದ ಮೇಲೆ ಕುಸಿದು ಕೂತರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಈ ಮನುಷ್ಯ ಮೊದಲ ಸಲ ಏನನ್ನೂ ಕೊಳ್ಳದೆ ದುಡ್ಡು ಕೊಟ್ಟುಬಂದಿದ್ದ. ಅವಳಿಗೆ ಅವನ ಮೇಲೆ ಉಕ್ಕಿ ಬಂದ ಪ್ರೀತಿ ಎಷ್ಟೆಂದರೆ, ಹಗಲೆಂಬುದನ್ನೂ ಲೆಕ್ಕಿಸದೆ ಅವನ ಕೆನ್ನೆ ಹಿಂಡಿದಳು. ನಗುವಿನ ನಡುವೆಯೇ ಅವನು ಕೇಳಿದ, "ಹಾಗಾದ್ರೆ ಹಗ್ಗದ ದುಡ್ಡು ಹಾಗೇ ಉಳೀತಲ್ಲ?"

ಅವಳ ನಗು ನಿಂತಿತು. ಅವಳು ಉತ್ತರ ಹೇಳುವುದರೊಳಗೆ ಮಾವ ಬಂದರು. ಬಿಸಿಲಿಗೆ ಮುಖ ಕೆಂಪಾಗಿತ್ತು, ಅಂಗಿ ಬೆನ್ನಿಗೆ ಅಂಟಿತ್ತು. ಯಾರನ್ನೂ ನೋಡದೆ ಸೀದಾ ಹೋಗಿ ಕುರ್ಚಿಯಲ್ಲಿ ಕೂತರು.

ಗಂಡ ನಡುಕೋಣೆಗೆ ಇಣುಕಿ ಬಂದವನೇ ಕೆರಳಿದ. "ಅಪ್ಪಾ, ಹಗ್ಗದ ದುಡ್ಡು ನೀವು ತೆಗೆದ್ರಾ?"

"ಹೂಂ."

"ಇವತ್ತು ಕೊನೇ ದಿನ ಅಂತ ಗೊತ್ತಿದ್ದೂ?"

"ಗೊತ್ತಿದ್ದೇ ತೆಗೆದೆ."

"ಪಂದ್ಯ ಗೆಲ್ಲೋಕೆ ಇಷ್ಟು ಕೆಳಗೆ ಇಳೀತೀರಾ ಅಪ್ಪ ನೀವು?"

ಜೇಬಮ್ಮ ಗಂಡನ ತೋಳು ಹಿಡಿದಳು. ಅವಳ ಮನಸ್ಸಿನಲ್ಲಿ ಇದ್ದದ್ದೂ ಅದೇ ಮಾತು, ಆದರೆ ಇನ್ನೊಬ್ಬರ ಬಾಯಲ್ಲಿ ಕೇಳಲು ಸಹಿಸಲಾಗಲಿಲ್ಲ. ಮಾವ ಮಗನನ್ನು ನೋಡಲಿಲ್ಲ, ಸೊಸೆಯನ್ನು ನೋಡಿದರು.

"ಕಟ್ಟಿ ಬಂದೆ ಕಣಮ್ಮ" ಎಂದರು.

"ಏನು ಮಾವ?"

"ಬಿಲ್ಲು. ದೊಡ್ಡ ಆಫೀಸಿಗೆ ಬಸ್ಸಲ್ಲಿ ಹೋಗಿ ಕಟ್ಟಿ ಬಂದೆ. ಇಲ್ಲಿ ಕಟ್ಟಿದ್ರೆ ಆ ಮೇಡಂ ಇರ್ತಾರೆ. ಅವರೆದುರಿಗೇ ಅಲ್ವಾ ಅಷ್ಟೊಂದು ಜಂಬ ಕೊಚ್ಚಿದ್ದು? ಮುಖ ತೋರಿಸೋಕೆ ನಾಚಿಕೆ ಆಯ್ತು." ಅವರು ಅಂಗಿಯ ತುದಿಯಿಂದ ಮುಖ ಒರೆಸಿಕೊಂಡರು. "ನಿಮ್ಮಕ್ಕ ಅವತ್ತು ಫೋನಲ್ಲಿ ಅಂದ್ಲು, ನೀನು ಬರ್ತೀಯೋ ಇಲ್ವೋ ಕೇಳೋಕೆ ಹೆದರಿಕೆ ಆಗುತ್ತೆ ಅಂತ. ಬಟ್ಟೆ ತಂದಿಟ್ಟಿದ್ದಾಳಂತೆ. ಸುಕ್ಕು ಸುಕ್ಕಾಗೇ ಇದೆಯಂತೆ, ಯಾರನ್ನೂ ಮುಟ್ಟೋಕೆ ಬಿಟ್ಟಿಲ್ವಂತೆ. ಅವತ್ತಿಂದ ನಂಗೆ ಈ ಪಂದ್ಯ ಗೆಲ್ಲೋಕೆ ಇಷ್ಟ ಇಲ್ಲಮ್ಮ. ಎಲ್ಲಿ ಗೆದ್ದುಬಿಡ್ತೀನೋ ಅಂತ ಇವತ್ತು ಬಸ್ಸಲ್ಲಿ ಉದ್ದಕ್ಕೂ ಗಡಿಯಾರಾನೇ ನೋಡ್ತಿದ್ದೆ."

ಜೇಬಮ್ಮ ಗಂಡನ ತೋಳು ಬಿಟ್ಟಳು. ಹೋಗಿ ಅವರ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು, ಅವರ ಕೈ ಹಿಡಿದುಕೊಂಡಳು. ತಾನು ಅಂದುಕೊಂಡದ್ದಕ್ಕೆ ಅವಳಿಗೆ ನಾಚಿಕೆಯೂ ಆಯಿತು, ಆ ನಾಚಿಕೆಗಿಂತ ಹತ್ತು ಪಾಲು ಸಂತೋಷವೂ ಆಯಿತು. ಗಂಡ ಹತ್ತಿರ ಬಂದು, "ಅಪ್ಪಾ, ತಪ್ಪಾಯ್ತು" ಎಂದ.

"ನಿನ್ನ ತಪ್ಪು ನಂಗೆ ಹೊಸದೇನೋ?" ಎಂದರು ಮಾವ. ಮೂವರೂ ನಕ್ಕರು, ಮೂವರ ಕಣ್ಣೂ ಒದ್ದೆಯಾಗಿತ್ತು.

ಸಂಜೆ ಬಟ್ಟೆ ಒಯ್ಯಲು ಬಂದ ಮೇಡಂ ಬಾಗಿಲಲ್ಲೇ ನಗತೊಡಗಿದರು. "ಏನ್ರೀ ನಿಮ್ಮ ಮನೆ ಕಥೆ? ಒಂದೇ ಬಿಲ್ಲನ್ನ ಒಂದೇ ದಿನ ಮೂರು ಕಡೆಯಿಂದ ಕಟ್ಟಿದ್ದೀರಿ! ನನ್ನ ನೌಕರೀಲಿ ಇಂಥದ್ದು ನೋಡಿಲ್ಲ. ನೀವು ಬ್ಯಾಂಕಿಗೆ ಕೊಡಬೇಕಾದ್ದು ಏನೂ ಇಲ್ಲ. ಬ್ಯಾಂಕೇ ನಿಮಗೆ ಕೊಡಬೇಕು."

ಮಾವ ನೆಟ್ಟಗೆ ಕೂತರು. "ಇನ್ನೊಂದ್ಸಲ ಹೇಳಿ ಮೇಡಂ."

"ಬ್ಯಾಂಕು ನಿಮಗೆ ಬಾಕಿ ಸರ್."

ಆ ಮುಖ ನೋಡಬೇಕಿತ್ತು! ಜೀವಮಾನವಿಡೀ ಕಾದು ಕೂತ ಮಾತು ಅದು. "ಹಾಗಾದ್ರೆ ಬಡ್ಡಿ ಎಷ್ಟು ಹಾಕ್ಬಹುದು ನಾವು?"

"ಬಡ್ಡಿ ಸಿಗಲ್ಲ ಸರ್. ಪಾಯಿಂಟೂ ಇಲ್ಲ, ಅದು ಖರ್ಚಿಗೆ ಮಾತ್ರ. ಹೆಚ್ಚಿಗೆ ಕಟ್ಟಿದ್ದನ್ನ ವಾಪಸು ಹಾಕಿಸ್ತೀನಿ, ಸೋಮವಾರ ಒಂದು ಅರ್ಜಿ ಕೊಡಿ."

"ಕೊಡಬೇಕಾದಾಗ ಮಾತ್ರ ಬ್ಯಾಂಕಿಗೆ ಬಡ್ಡಿ ಮರೆತುಹೋಗುತ್ತೆ ನೋಡಿ!" ಎಂದು ಮಾವ ತೊಡೆ ತಟ್ಟಿಕೊಂಡು ನಕ್ಕರು. ಸುಕ್ಕಿನ ಮುಖ ಹುಡುಗನ ಮುಖವಾಯಿತು. ಬೀದಿಯಲ್ಲಿ ಹೋಗುತ್ತಿದ್ದ ಹಲ್ಲಿನ ಮೇಷ್ಟರನ್ನೂ ಕರೆದು, ಬ್ಯಾಂಕೊಂದು ತಮ್ಮ ಸಾಲದಲ್ಲಿದೆ ಎಂಬ ಸುದ್ದಿ ಹೇಳಿ ಕಳಿಸಿದರು.

ಮೇಡಂ ಜೇಬಮ್ಮನ ಕಡೆ ತಿರುಗಿದರು. "ನಿಮ್ಮ ಪಾಯಿಂಟೂ ಸೇರಿದೆ. ಒಂದು ಟಿಕೆಟ್ಟಿಗೆ ಸರಿಯಾಗಿ ಆಗುತ್ತೆ. ಈಗಲೇ ತಗೊಂಡುಬಿಡಿ, ಪಾಯಿಂಟಿನ ಸೀಟು ಬೇಗ ಹೋಗುತ್ತೆ."

ಗಂಡ ತನ್ನ ಫೋನು ತೆಗೆದ. ಜೇಬಮ್ಮನ ಸಿಮ್ಮನ್ನು ಅದಕ್ಕೆ ಹಾಕಿದಾಗ, ನಾಲ್ಕು ತಲೆಗಳೂ ಒಂದೇ ಪರದೆಯ ಮೇಲೆ ಬಗ್ಗಿದವು. ಊರು, ತಾರೀಖು, ಹೆಸರು ಎಲ್ಲ ತುಂಬಿಸಿ ಸೀಟಿನ ಚಿತ್ರ ಬಂದಾಗ ಮಾವ ಬೆರಳು ಇಟ್ಟರು. "ಕಿಟಕಿ ಪಕ್ಕದ್ದು ಒತ್ತೋ. ಚಕ್ರದ ಮೇಲಿನದು ಬೇಡ, ಎತ್ತಿ ಹಾಕುತ್ತೆ."

"ಅಪ್ಪಾ, ಇದು ವಿಮಾನ."

"ವಿಮಾನಕ್ಕೆ ಚಕ್ರ ಇಲ್ವಾ? ಬಾಯಿ ಮುಚ್ಚಿಕೊಂಡು ಒತ್ತು."

ಅವನು ಒತ್ತಿದ. ಪರದೆಯ ಮೇಲೆ ಟಿಕೆಟ್ಟು ಬಂದು ನಿಂತಿತು. ಅಲ್ಲಿ ತನ್ನ ಹೆಸರು ಓದಿದಾಗ ಜೇಬಮ್ಮನಿಗೆ ಅದು ಬೇರೆ ಯಾರದೋ ಭಾಗ್ಯವಂತೆಯ ಹೆಸರು ಎನ್ನಿಸಿತು. ಗಂಡ ಅಕ್ಕನ ನಂಬರು ಒತ್ತಿ ಫೋನನ್ನು ಅವಳ ಕೈಗೆ ಕೊಟ್ಟ.

"ಹಲೋ" ಎಂದಿತು ಅಕ್ಕನ ದನಿ, ಸಮುದ್ರದಾಚೆಯಿಂದ. "ಹಲೋ? ಯಾರು?"

ಜೇಬಮ್ಮ ಬಾಯಿ ತೆರೆದಳು. ಊರಿಗೆಲ್ಲ ಬೈಯುವ ಬಾಯಿ ಅದು, ಆ ಹೊತ್ತಿಗೆ ಒಂದು ಅಕ್ಷರವೂ ಹೊರಡಲಿಲ್ಲ. ಕಣ್ಣೀರು ಮಾತ್ರ ಧಾರಾಳವಾಗಿ ಹರಿಯಿತು. ಅಕ್ಕ ಮತ್ತೆ ಮತ್ತೆ ಹಲೋ ಎನ್ನುತ್ತಲೇ ಇದ್ದಳು. ಮಾವ ಸೊಸೆಯ ಕೈಯಿಂದ ಫೋನು ತೆಗೆದುಕೊಂಡು, ತುಂಬಿದ ಬಸ್ಸಿನ ಕೊನೆಯ ಸೀಟಿಗೂ ಕೇಳಿಸುವ ಹಾಗೆ ಕೂಗಿದರು.

"ಅಮ್ಮಾ, ಆ ಬಟ್ಟೇನ ಯಾರಿಗೂ ಮುಟ್ಟೋಕೆ ಬಿಡಬೇಡ. ಇಸ್ತ್ರಿ ಹಾಕೋಳು ಹೊರಟಿದ್ದಾಳೆ!"